ಎರಡು ವಿಮೆಗಳ ನಡುವಿನ ಕಂದಕ

ಯಶಸ್ವಿನಿ ಯೋಜನೆ 2018ರ ಮೇ ಅಂತ್ಯಕ್ಕೆ ನಿಂತಿತು. 2023ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ನಡುವೆ ಉರುಳಿದ್ದು 55 ತಿಂಗಳು. ಸರ್ಕಾರದ ಕಡತದಲ್ಲಿ ಇದು ಒಂದು ಯೋಜನೆ ಇನ್ನೊಂದರಲ್ಲಿ ವಿಲೀನಗೊಂಡು, ಬಳಿಕ ಮರುಜೀವ ಪಡೆದ ವೃತ್ತಾಂತ ಮಾತ್ರ. ಮುಳಬಾಗಿಲು ತಾಲ್ಲೂಕಿನ ಆವನಿಯಂಥ ಊರುಗಳಲ್ಲಿ, ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಎಷ್ಟೋ ಮನೆಗಳ ಪಾಲಿಗೆ ಅದು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ ಕಾಲ, ಇಲ್ಲವೇ ಹಸು ಮಾರಿದ ಕಾಲ.

ಒಂದು ವಿಮೆ ಮುಗಿದು ಇನ್ನೊಂದು ಕೈಗೆ ಬರುವ ನಡುವಿನ ಈ ಅವಧಿಯ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆದಿಲ್ಲ. ಇದು ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಬದಲಿಸುವ ತರುಣರ ಸಮಸ್ಯೆ, ಎರಡು ನೇಮಕಾತಿ ಪತ್ರಗಳ ನಡುವಿನ ಎರಡು ತಿಂಗಳ ತಾಪತ್ರಯ ಎಂಬ ಭಾವನೆ ವಿದ್ಯಾವಂತರಲ್ಲಿದೆ. ‘ಸದ್ಯಕ್ಕೆ ಒಂದು ತಾತ್ಕಾಲಿಕ ಪಾಲಿಸಿ ಕೊಂಡರೆ ಸಾಕಲ್ಲವೇ? ಯಾವುದು ಒಳ್ಳೆಯದು?’ ಎಂದು ಪರಿಚಿತರು ಕೇಳುತ್ತಿರುತ್ತಾರೆ. ಸರ್ಕಾರಿ ಸೇವೆಯಲ್ಲಿದ್ದು ಅರ್ಥಶಾಸ್ತ್ರವನ್ನೂ ಓದಿದವನಿಗೆ ಇದು ಗೊತ್ತಿರಲೇಬೇಕು ಎಂಬ ನಂಬಿಕೆ ಅವರದು. ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ಆರೋಗ್ಯ ವಿಮೆಯಲ್ಲಿ ತಾತ್ಕಾಲಿಕ ಎಂಬ ವಸ್ತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದ್ದರೂ ಅದು ಹೆಚ್ಚು ಬೇಕಾದವರಿಗೆ ಒದಗುವುದಿಲ್ಲ.

ಕಾರಣ ತಿಳಿಯಬೇಕಾದರೆ ಪುಸ್ತಕಕ್ಕಿಂತ ಆವನಿಯ ಜಾತ್ರೆ ಒಳ್ಳೆಯ ಪಾಠಶಾಲೆ. ಶಿವರಾತ್ರಿಯ ಆಸುಪಾಸಿನಲ್ಲಿ ರಾಮಲಿಂಗೇಶ್ವರನ ಸನ್ನಿಧಿಯ ಸುತ್ತ ಸೇರುವ ದನಗಳ ಪರಿಷೆಯಲ್ಲಿ ಹಲ್ಲು ನೋಡದೆ, ನಡೆಸಿ ನೋಡದೆ ಯಾರೂ ಎತ್ತನ್ನು ಕೊಳ್ಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಇಬ್ಬರ ಪೈಕಿ ಎತ್ತಿನ ಗುಟ್ಟು ಗೊತ್ತಿರುವುದು ಮಾರುವವನಿಗೆ ಮಾತ್ರ. ‘ಇಷ್ಟು ಅವಸರವಾಗಿ ಮಾರುತ್ತಿರುವುದೇಕೆ?’ ಎಂಬ ಶಂಕೆಯೇ ಬೆಲೆಯನ್ನು ಇಳಿಸುತ್ತದೆ. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ಇದನ್ನೇ ಸಿದ್ಧಾಂತವಾಗಿಸಿದರು. 2001ರಲ್ಲಿ ನೊಬೆಲ್ ಗೌರವಕ್ಕೂ ಭಾಜನರಾದರು. 65 ದಾಟಿದವರಿಗೆ ಆರೋಗ್ಯ ವಿಮೆ ಸಿಗುವುದು ಏಕೆ ಕಷ್ಟ ಎಂಬುದನ್ನೂ ಅವರು ಅದೇ ಪ್ರಬಂಧದಲ್ಲಿ ವಿವರಿಸಿದ್ದರು. ವಿಮೆಯಲ್ಲಿ ಪರಿಷೆಯ ಸಂಬಂಧ ತಲೆಕೆಳಗಾಗುತ್ತದೆ. ಇಲ್ಲಿ ಗುಟ್ಟು ಗೊತ್ತಿರುವುದು ಕೊಳ್ಳುವವನಿಗೆ. ನಾಲ್ಕೇ ತಿಂಗಳಿಗೆ ವಿಮೆ ಬೇಕೆಂದು ಬಂದವನನ್ನು ಕಂಡೊಡನೆ ಕಂಪನಿಗೆ ಬರುವ ಮೊದಲ ಅನುಮಾನ, ಇವನಿಗೆ ಈ ನಾಲ್ಕು ತಿಂಗಳಲ್ಲಿ ಏನೋ ಕಾದಿದೆ ಎಂಬುದು.

ಆದ್ದರಿಂದಲೇ ಪಾಲಿಸಿಗಳಲ್ಲಿ ‘ಕಾಯುವ ಅವಧಿ’ ಎಂಬ ಬೇಲಿ ಇದೆ. ಹೊಸ ಪಾಲಿಸಿ ಕೊಂಡ ಮೊದಲ 30 ದಿನ ಅಪಘಾತವೊಂದನ್ನು ಬಿಟ್ಟು ಬೇರಾವ ಚಿಕಿತ್ಸೆಗೂ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಹರ್ನಿಯಾ, ಕಣ್ಣಿನ ಪೊರೆ, ಮೊಣಕಾಲು ಬದಲಾವಣೆಯಂಥ ಪಟ್ಟಿಮಾಡಿದ ಚಿಕಿತ್ಸೆಗಳಿಗೆ ವರ್ಷಗಟ್ಟಲೆ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 48 ತಿಂಗಳಿದ್ದ ಕಾಯುವ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ 36 ತಿಂಗಳಿಗೆ ಇಳಿಸಿತು. ಸುಧಾರಣೆಯೇನೋ ಹೌದು. ಆದರೆ ನಾಲ್ಕು ತಿಂಗಳ ಕಂದಕ ದಾಟಲು ಹೊರಟವನಿಗೆ 48 ಆದರೇನು, 36 ಆದರೇನು? ಮಧುಮೇಹ, ರಕ್ತದೊತ್ತಡ ಇರುವ 50 ವರ್ಷದವನೊಬ್ಬ ಇಂದು ಪಾಲಿಸಿ ಕೊಂಡರೆ, ಅವನು ಯಾವ ಭಯದಿಂದ ಅದನ್ನು ಕೊಂಡನೋ ಆ ಭಯವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ರಕ್ಷಣೆ ಸಿಗುತ್ತದೆ.

ನಮ್ಮ ದೇಶದಲ್ಲಿ ನಿಜವಾದ ಅರ್ಥದ ಅಲ್ಪಾವಧಿ ಆರೋಗ್ಯ ವಿಮೆ ವ್ಯಾಪಕವಾಗಿ ಬಂದದ್ದು ಕೋವಿಡ್ ಕಾಲದಲ್ಲಿ. 2020ರ ಜುಲೈನಲ್ಲಿ ಪ್ರಾಧಿಕಾರದ ಸೂಚನೆಯಂತೆ ಕಂಪನಿಗಳು ತಂದ ‘ಕೊರೊನಾ ಕವಚ್’ ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳ ಅವಧಿಗೆ ದೊರೆಯುತ್ತಿತ್ತು. ಕಾಯಬೇಕಾಗಿದ್ದುದು 15 ದಿನ ಮಾತ್ರ. ಅದು ಸಾಧ್ಯವಾದದ್ದು ರೋಗ ಒಂದೇ ಆಗಿದ್ದರಿಂದ, ಮತ್ತು ಅದು ಯಾರಿಗೆ ಬರುತ್ತದೆಂಬುದು ಕೊಳ್ಳುವವನಿಗೂ ಮಾರುವವನಿಗೂ ಸಮಾನವಾಗಿ ತಿಳಿಯದಿದ್ದುದರಿಂದ. ಪಿತ್ತಕೋಶದ ಕಲ್ಲಿಗೆ, ಹೃದಯದ ನಾಳಕ್ಕೆ ಆ ಮಾದರಿ ಒಗ್ಗುವುದಿಲ್ಲ.

ಮತ್ತೆ ಯಶಸ್ವಿನಿಯ ಮಾತಿಗೆ ಬರೋಣ. ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ, ಡಾ. ದೇವಿ ಶೆಟ್ಟಿ ಅವರ ಕಲ್ಪನೆಯಿಂದ ರೂಪುಗೊಂಡ ಈ ಯೋಜನೆ 2003ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು. ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅದರ ಮೇಲೆ ಸರ್ಕಾರದ ಪಾಲು 30. ಮೊದಲ ವರ್ಷವೇ ಸುಮಾರು 16 ಲಕ್ಷ ಸಹಕಾರಿಗಳು ಸೇರಿದರು. ಅದರ ಹೆಚ್ಚುಗಾರಿಕೆ ಅಗ್ಗದ ದರಕ್ಕಿಂತ ಬೇರೆಯದರಲ್ಲಿತ್ತು. ಹಾಲಿನ ಸಂಘ ಅಥವಾ ಪತ್ತಿನ ಸಂಘದ ಸದಸ್ಯರನ್ನು ಒಟ್ಟಾಗಿ ಸೇರಿಸಿಕೊಳ್ಳುತ್ತಿದ್ದುದರಿಂದ ಕಾಯಿಲೆಯವರ ಜೊತೆಗೆ ಗಟ್ಟಿಮುಟ್ಟಾದವರೂ ಬರುತ್ತಿದ್ದರು. ಎತ್ತಿನ ಹಲ್ಲು ಎಣಿಸುವ ಪ್ರಮೇಯವೇ ಇರಲಿಲ್ಲ. ವಿಮಾ ಕಂಪನಿಗಳು ಬೇಲಿ ಕಟ್ಟಿ ಪರಿಹರಿಸಿಕೊಳ್ಳುವ ತೊಡಕನ್ನು ಸಹಕಾರ ಸಂಘ ಸಾಮೂಹಿಕತೆಯಿಂದ ಬಿಡಿಸಿತ್ತು. ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಇಷ್ಟು ಸರಳವೂ ಜಾಣತನದ್ದೂ ಆದ ಯೋಜನೆಗಳು ಹೆಚ್ಚು ಕಂಡಿಲ್ಲ.

2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಳಿಸಲಾಯಿತು. ಅದೇ ವರ್ಷ ಅದು ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಎಲ್ಲರಿಗೂ ಒಂದೇ ಛಾವಣಿ ಎಂಬ ಆಶಯವನ್ನು ತಪ್ಪೆನ್ನಲಾಗದು. ಆದರೆ ಛಾವಣಿಯ ಅಳತೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿಪಡಿಸಿದ ದರದ ಶೇ 30ರಷ್ಟು ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ಐದು ಹಸು, ಒಂದಿಷ್ಟು ಟೊಮೆಟೊ, ಹಿಪ್ಪುನೇರಳೆ, ಮಗ ಸಾಲ ಮಾಡಿ ಕೊಂಡ ಒಂದು ಕಾರು ಇದ್ದ ಮಾತ್ರಕ್ಕೆ ಎಪಿಎಲ್ ಆದ ರೈತ, ಮೇ ತಿಂಗಳವರೆಗೆ ನಗದುರಹಿತ ಶಸ್ತ್ರಚಿಕಿತ್ಸೆಗೆ ಅರ್ಹನಾಗಿದ್ದವನು, ಜೂನ್ ತಿಂಗಳಲ್ಲಿ ಬಿಲ್ಲಿನ ಶೇ 70ರಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ತೆರಬೇಕಾದವನಾದ. ಅವನ ಆದಾಯದಲ್ಲಾಗಲಿ ಕಾಯಿಲೆಯಲ್ಲಾಗಲಿ ಏನೂ ಬದಲಾಗಿರಲಿಲ್ಲ.

ನಮ್ಮೂರಿನ ಇಂಥ ಒಬ್ಬರು 2019ರಲ್ಲಿ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆ ಆಗಬೇಕಿದ್ದಾಗ ಖಾಸಗಿ ಪಾಲಿಸಿ ಕೊಳ್ಳಬಹುದೇ ಎಂದು ನನ್ನನ್ನು ಕೇಳಿದ್ದರು. ಸ್ಕ್ಯಾನಿಂಗ್ ವರದಿ ಕೈಯಲ್ಲಿತ್ತು. ವರದಿ ಬಂದ ಮೇಲೆ ಕೊಂಡ ವಿಮೆ ಆ ವರದಿಯ ಕಾಯಿಲೆಗೆ ಒದಗುವುದಿಲ್ಲ, ಅದನ್ನು ಮುಚ್ಚಿಟ್ಟು ಕೊಂಡರೆ ಮುಂದೆ ಇಡೀ ಪಾಲಿಸಿಯೇ ರದ್ದಾಗಬಹುದು ಎಂದು ಹೇಳಿದೆ. ಅವರು ಎರಡು ಹಸು ಮಾರಿ ಚಿಕಿತ್ಸೆ ಪಡೆದರು. ಆ ಹಸುಗಳ ಕಿವಿಯಲ್ಲಿ ವಿಮೆಯ ಓಲೆ ಇತ್ತು.

2022ರ ಬಜೆಟ್‌ನಲ್ಲಿ ಬಸವರಾಜ ಬೊಮ್ಮಾಯಿ ಅವರು 300 ಕೋಟಿ ರೂಪಾಯಿ ಘೋಷಿಸಿ ಯಶಸ್ವಿನಿಯನ್ನು ಮರಳಿ ತಂದರು. ನವೆಂಬರ್‌ನಲ್ಲಿ ನೋಂದಣಿ, ಜನವರಿಯಿಂದ ಚಿಕಿತ್ಸೆ. ಗ್ರಾಮೀಣ ಪ್ರದೇಶದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದಲ್ಲಿ ಸಾವಿರ. ಚಿಕಿತ್ಸೆಯ ಮಿತಿ 5 ಲಕ್ಷ. ಸಂತೋಷದ ವಿಷಯವೇ. ಆದರೆ ಕಂದಕ ಪೂರ್ತಿ ಮುಚ್ಚಿಲ್ಲ, ಕಿರಿದಾಗಿದೆ ಅಷ್ಟೆ. ನೋಂದಣಿಗೆ ವರ್ಷದಲ್ಲಿ ಗೊತ್ತುಪಡಿಸಿದ ಗಡುವಿದೆ. ಗಡುವು ಕೆಲವೊಮ್ಮೆ ವಿಸ್ತರಣೆಯಾಗುವುದುಂಟು. ಆದರೂ ಒಮ್ಮೆ ಮುಗಿದರೆ ಮುಂದಿನ ಸಾಲಿಗೇ ಕಾಯಬೇಕು.

ಈ ಗಡುವು ಇಂದಿನ ಕೋಲಾರ ಜಿಲ್ಲೆಯ ಬದುಕಿಗೆ ಹೊಂದುವುದಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಹಳ್ಳಿಗಳ ಹುಡುಗ ಹುಡುಗಿಯರು ಕಂಪನಿ ಬಸ್ಸು ಹತ್ತಿ ಹೋಗುತ್ತಾರೆ. ಅವರಲ್ಲಿ ಬಹುಪಾಲು ಗುತ್ತಿಗೆ ಕೆಲಸ. ಗುತ್ತಿಗೆದಾರ ಬದಲಾದಂತೆ ಕೆಲಸವೂ ಹೋಗುತ್ತದೆ, ಬರುತ್ತದೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ವಿಚಾರವಾಗಿ ನಡೆದ ಗಲಭೆಯ ಬಳಿಕ, ಒಂದೇ ಸೂರಿನಡಿ ಎಷ್ಟೊಂದು ಗುತ್ತಿಗೆ ಸಂಸ್ಥೆಗಳಿದ್ದವೆಂಬುದು ನಾಡಿಗೆಲ್ಲ ತಿಳಿಯಿತು. ಕೆಲಸವಿರುವಷ್ಟು ದಿನ ಇಂಥವರಿಗೆ ಇಎಸ್‌ಐ ರಕ್ಷಣೆ ಇರುತ್ತದೆ. ಅವರ ಆಶ್ರಿತ ತಂದೆತಾಯಿಗೂ ಅದು ಅನ್ವಯ. ಮನೆಯವರು ಏನು ಮಾಡುತ್ತಾರೆ? ‘ಮಗನ ಇಎಸ್‌ಐ ಇದೆಯಲ್ಲ’ ಎಂದು ಆ ಸಾಲಿನ ಯಶಸ್ವಿನಿಗೆ 500 ರೂಪಾಯಿ ಕಟ್ಟದೆ ಬಿಡುತ್ತಾರೆ. ಜುಲೈ ಬರುತ್ತದೆ, ಗುತ್ತಿಗೆ ಮುಗಿಯುತ್ತದೆ. ಡೇರಿಯ ನೋಂದಣಿ ಎಂದೋ ಮುಗಿದಿರುತ್ತದೆ. ಇದರಲ್ಲಿ ಯಾರ ಉದಾಸೀನವೂ ಇಲ್ಲ. ಒಂದು ಯೋಜನೆಯ ಪಂಚಾಂಗಕ್ಕೂ ಇನ್ನೊಂದರ ಪಂಚಾಂಗಕ್ಕೂ ತಾಳೆಯಿಲ್ಲ.

ಹಾಗಾದರೆ ಆ ಕುಟುಂಬ ಕೂಡಲೇ ತಾತ್ಕಾಲಿಕ ಪಾಲಿಸಿಗೆ ಓಡಬೇಕೇ? ಬೇಡ. ಮೊದಲು ನೋಡಬೇಕಾದದ್ದು ಹಳೆಯ ರಕ್ಷಣೆ ನಿಜಕ್ಕೂ ಮುಗಿದಿದೆಯೇ ಎಂಬುದನ್ನು. ಇಎಸ್‌ಐ ನಿಯಮಗಳಲ್ಲಿ ಬಹುಜನರಿಗೆ ತಿಳಿಯದ ಒಂದು ಅಂಶವಿದೆ. ವರ್ಷವನ್ನು ಅಲ್ಲಿ ಎರಡು ವಂತಿಗೆ ಅವಧಿಗಳಾಗಿ ವಿಂಗಡಿಸಲಾಗಿದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಒಂದು ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ಅದಕ್ಕೆ ಪ್ರತಿಯಾಗಿರುವ ಸೌಲಭ್ಯದ ಅವಧಿ ಮುಗಿಯುವವರೆಗೆ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಮೊದಲನೆಯದಕ್ಕೆ ಪ್ರತಿಯಾದದ್ದು ಮುಂದಿನ ಜನವರಿಯಿಂದ ಜೂನ್, ಎರಡನೆಯದಕ್ಕೆ ಜುಲೈನಿಂದ ಡಿಸೆಂಬರ್. ಅಂದರೆ ಏಪ್ರಿಲ್‌ನಿಂದ ದುಡಿದು ಜುಲೈ ಕೊನೆಗೆ ಕೆಲಸ ಕಳೆದುಕೊಂಡ ಹುಡುಗನಿಗೆ 78 ದಿನ ತುಂಬಿದ್ದರೆ, ಮುಂದಿನ ಜೂನ್ 30ರವರೆಗೂ ಅವನೂ ಅವನ ಕುಟುಂಬವೂ ಇಎಸ್‌ಐ ಆಸ್ಪತ್ರೆಯ ಬಾಗಿಲು ತಟ್ಟಬಹುದು. ಹನ್ನೊಂದು ತಿಂಗಳು! ಕೆಲಸ ಹೋಯಿತೆಂದು ಕಾರ್ಡನ್ನು ಪೆಟ್ಟಿಗೆಯ ತಳಕ್ಕೆ ಹಾಕುವವರೇ ಹೆಚ್ಚು. ಗುತ್ತಿಗೆದಾರ ಹೇಳುವುದಿಲ್ಲ, ಹೇಳಬೇಕೆಂಬುದು ಅವನಿಗೂ ತಿಳಿದಿರಲಿಕ್ಕಿಲ್ಲ. 2017ರ ಜನವರಿಯಲ್ಲಿ ನಿಗದಿಯಾದ 21,000 ರೂಪಾಯಿಯ ವೇತನ ಮಿತಿಯನ್ನು ನಡುವೆ ದಾಟಿದವರೂ ಆ ವಂತಿಗೆ ಅವಧಿಯ ಕೊನೆಯವರೆಗೆ ವ್ಯವಸ್ಥೆಯೊಳಗೇ ಇರುತ್ತಾರೆ. 1948ರ ಇಎಸ್‌ಐ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೊಸ ನಿಯಮಗಳನ್ನು ಬರೆಯುವವರು ಈ 78 ದಿನಗಳ ಆಸರೆಯನ್ನು ಸಡಿಲಗೊಳಿಸದಂತೆ ಕಾರ್ಮಿಕ ಸಂಘಟನೆಗಳು ಕಣ್ಣಿಡಬೇಕು.

ಕಂಪನಿಯ ಗುಂಪು ವಿಮೆಯಲ್ಲಿದ್ದು ಕೆಲಸ ಬಿಡುವವರದು ಬೇರೆ ದಾರಿ. ಗುಂಪಿನಿಂದ ಹೊರಬೀಳುವಾಗ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಅಥವಾ ಕುಟುಂಬ ಪಾಲಿಸಿಗೆ ವಲಸೆ ಹೋಗಲು ನಿಯಮಗಳಲ್ಲಿ ಅವಕಾಶವಿದೆ. ಹಾಗೆ ಹೋದರೆ ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಜಮೆಯಾಗುತ್ತವೆ. ಆದರೆ ಅರ್ಜಿಯನ್ನು ರಾಜೀನಾಮೆಯ ನೋಟಿಸ್ ಅವಧಿಯಲ್ಲೇ, ಗುಂಪು ವಿಮೆ ಜೀವಂತವಿರುವಾಗಲೇ ಹಾಕಬೇಕು. ಸಂಸ್ಥೆ ವೈದ್ಯಕೀಯ ತಪಾಸಣೆ ಕೇಳಬಹುದು, ಪ್ರೀಮಿಯಂ ಹೆಚ್ಚಿಸಬಹುದು. ಅಗ್ಗದ ಹೊಸ ಪಾಲಿಸಿಗಿಂತ ಈ ದುಬಾರಿ ಹಳೆಯ ನಂಟೇ ಮಧುಮೇಹಿಗೆ ಮೇಲು ಎಂದು ನನ್ನ ಅಭಿಪ್ರಾಯ. ವೈಯಕ್ತಿಕ ಪಾಲಿಸಿ ಇದ್ದವರು ವಾರ್ಷಿಕ ಕಂತಿನ ದಿನ ತಪ್ಪಿದರೂ 30 ದಿನಗಳ ರಿಯಾಯಿತಿಯೊಳಗೆ ಕಟ್ಟಿದರೆ ಹಿಂದಿನ ವರ್ಷಗಳ ಫಲ ಉಳಿಯುತ್ತದೆ. ಆ ನಡುವಿನ ದಿನಗಳ ಚಿಕಿತ್ಸೆಗೂ ಹಣ ಬರುತ್ತದೆಂದು ಮಾತ್ರ ನೆಚ್ಚಿ ಕೂರಬಾರದು.

ಇದಾವುದೂ ಇಲ್ಲದವರು ಕೊಳ್ಳುವುದೇ ಆದರೆ ತಾತ್ಕಾಲಿಕವಾದದ್ದನ್ನು ಹುಡುಕದೆ, ಚಿಕ್ಕದಾದರೂ ಕಾಯಂ ಪಾಲಿಸಿಯೊಂದನ್ನು ಕೊಳ್ಳುವುದು ಒಳಿತು. 2020ರ ಏಪ್ರಿಲ್‌ನಲ್ಲಿ ಬಂದ ಆರೋಗ್ಯ ಸಂಜೀವಿನಿ ಎಂಬ ಏಕರೂಪದ ಪಾಲಿಸಿಯ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ. ಬಿಲ್ಲಿನ ಶೇ 5ರಷ್ಟನ್ನು ನಾವೇ ಭರಿಸಬೇಕು, ಆದರೆ ಹೋಲಿಸಿ ನೋಡುವ ತಲೆನೋವಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ಹೋಗಿರುವುದು ಸ್ವಲ್ಪ ನಿರಾಳ. ಹೊಸ ಕೆಲಸ ಸಿಕ್ಕಿ ಗುಂಪು ವಿಮೆ ಬಂದ ಮೇಲೂ ಇದನ್ನು ಬಿಡಬಾರದು. ಕಾಯುವ ಅವಧಿಯ ಗಡಿಯಾರ ಇದರಲ್ಲಿ ಓಡುತ್ತಲೇ ಇರುತ್ತದೆ. ಇನ್ನು ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೇ ಆರೋಗ್ಯ ವಿಮೆಯೆಂದು ಭಾವಿಸಿದವರನ್ನು ಹಳ್ಳಿಯಲ್ಲೂ ಪಟ್ಟಣದಲ್ಲೂ ಕಂಡಿದ್ದೇನೆ. ಅದು ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ ಪರಿಹಾರ ಕೊಡುತ್ತದೆ; ಆಸ್ಪತ್ರೆಯ ಬಿಲ್ಲನ್ನು ತುಂಬುವುದಿಲ್ಲ.

ನನ್ನ ಸೇವೆಯ ಕೊನೆಯ ದಿನವೂ 2018ರ ಮೇ 31, ಯಶಸ್ವಿನಿಯ ಕೊನೆಯ ದಿನವೇ. ಆಗ ರಾಜ್ಯದ ನೌಕರರಿಗಿದ್ದ ಜ್ಯೋತಿ ಸಂಜೀವಿನಿ ಸೇವೆಯಲ್ಲಿರುವವರಿಗೆ ಮಾತ್ರ. ವೈದ್ಯಕೀಯ ವೆಚ್ಚದ ಮರುಪಾವತಿಯೂ ಅಷ್ಟೇ. ಅರವತ್ತು ತುಂಬಿದ ಮರುದಿನ, ಅಂದರೆ ಆಸ್ಪತ್ರೆ ಬೇಕಾಗುವ ವಯಸ್ಸು ಶುರುವಾಗುವ ಹೊತ್ತಿಗೆ ಸರಿಯಾಗಿ, ರಕ್ಷಣೆ ಕಳಚಿಬೀಳುತ್ತಿತ್ತು. ನಾಲ್ಕು ವರ್ಷಗಳ ಕಾಯುವ ಅವಧಿ ಲೆಕ್ಕ ಹಾಕಿ ನಾನು 55ರಲ್ಲೇ ಪಾಲಿಸಿ ಕೊಂಡಿದ್ದೆ. ನನಗೆ ಸಂಬಳವಿತ್ತು, ಲೆಕ್ಕ ಹಾಕುವ ವಿದ್ಯೆ ಇತ್ತು, ನಿವೃತ್ತಿಯ ದಿನಾಂಕವೂ ಗೊತ್ತಿತ್ತು. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿ, ಸಂಬಳದ ಜೊತೆಗೆ ಗಣಿಯ ಆಸ್ಪತ್ರೆಯ ಆಸರೆಯನ್ನೂ ಕಳೆದುಕೊಂಡ ಕಾರ್ಮಿಕರಿಗಾಗಲಿ, ನರಸಾಪುರದ ಗುತ್ತಿಗೆ ಹುಡುಗಿಗಾಗಲಿ ಇಂಥ ದಿನಾಂಕ ಮೊದಲೇ ತಿಳಿಯುವುದಿಲ್ಲ. ವ್ಯಕ್ತಿಯ ಮುಂದಾಲೋಚನೆಗೆ ಎಲ್ಲವನ್ನೂ ಬಿಡುವುದು ಈ ಕಾರಣಕ್ಕೇ ಅನ್ಯಾಯ.

ಕಂದಕಕ್ಕೆ ಸೇತುವೆ ಕಟ್ಟುವುದು ಯೋಜನೆ ರೂಪಿಸುವವರ ಕೆಲಸ. ಹಳೆಯದನ್ನು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕುವ ಮುನ್ನ, ಅದರ ಫಲಾನುಭವಿಗಳಲ್ಲಿ ಹೊಸದರೊಳಗೆ ಅಷ್ಟೇ ರಕ್ಷಣೆ ಸಿಗದವರು ಯಾರು ಎಂಬ ಪಟ್ಟಿ ಸಿದ್ಧವಾಗಬೇಕಿತ್ತು. 2018ರಲ್ಲಿ ಸಹಕಾರ ಸಂಘಗಳ ದಾಖಲೆಗಳಿಂದಲೇ ಅದನ್ನು ತಯಾರಿಸಬಹುದಿತ್ತು. ಗುತ್ತಿಗೆದಾರರು ಕೊನೆಯ ಸಂಬಳದ ಚೀಟಿಯಲ್ಲಿ ‘ನಿಮ್ಮ ಇಎಸ್‌ಐ ವೈದ್ಯಕೀಯ ಸೌಲಭ್ಯ ಇಂಥ ದಿನಾಂಕದವರೆಗೆ’ ಎಂದು ಕನ್ನಡದಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಲು ಒಂದು ಪೈಸೆ ಖರ್ಚಿಲ್ಲ.

ಯಶಸ್ವಿನಿಯ ನೋಂದಣಿಯನ್ನು ವರ್ಷವಿಡೀ ತೆರೆದಿಟ್ಟರೆ ಕಾಯಿಲೆ ಬಂದವರು ಮಾತ್ರ ಸೇರಿ ನಿಧಿ ಕರಗುತ್ತದೆ ಎಂಬ ಅಧಿಕಾರಿಗಳ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೂ ಮದ್ದಿದೆ. ಅಮೆರಿಕದಲ್ಲಿ ಒಬಾಮ ಕಾಲದ ಆರೋಗ್ಯ ಕಾನೂನಿನಡಿ ವಿಮೆ ಕೊಳ್ಳಲು ವರ್ಷಕ್ಕೊಮ್ಮೆ ಮಾತ್ರ ಅವಕಾಶ. ಆದರೆ ಕೆಲಸ ಹೋಗಿ ವಿಮೆ ಕಳೆದುಕೊಂಡವರಿಗೆ ಆ ದಿನದಿಂದ 60 ದಿನಗಳ ವಿಶೇಷ ಅವಕಾಶವಿದೆ. ವಿಮೆ ಕಳೆದುಕೊಂಡ ಪುರಾವೆಯೇ ಅಲ್ಲಿ ಪ್ರವೇಶಪತ್ರ. ಇಲ್ಲಿಯೂ ಸಹಕಾರ ಇಲಾಖೆ ಯಶಸ್ವಿನಿಯ ಮುಂದಿನ ಸಾಲಿನ ಸುತ್ತೋಲೆಯಲ್ಲಿ ಒಂದೇ ವಾಕ್ಯ ಸೇರಿಸಬಹುದು: ಸದಸ್ಯನ ಕುಟುಂಬ ಇಎಸ್‌ಐ ಅಥವಾ ಬೇರೆ ವಿಮೆಯನ್ನು ಕಳೆದುಕೊಂಡಲ್ಲಿ, ಅದರ ದಾಖಲೆಯನ್ನು 60 ದಿನಗಳೊಳಗೆ ಸಂಘದ ಕಾರ್ಯದರ್ಶಿಗೆ ಒಪ್ಪಿಸಿ, ಪೂರ್ತಿ ವರ್ಷದ ವಂತಿಗೆ ಕಟ್ಟಿ, ಯಾವ ತಿಂಗಳಲ್ಲಾದರೂ ಸೇರಬಹುದು.